ಹಡಗಿಗೆ ಗೆರೆ ಎಳೆಸಿದ ಕಲ್ಲಿದ್ದಲು ವ್ಯಾಪಾರಿ: ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಯಾವುದೇ ದೊಡ್ಡ ಸರಕು ಹಡಗಿನ ಬದಿಯನ್ನು ಸರಿಯಾಗಿ ನೋಡಿದರೆ ನಡುಭಾಗದಲ್ಲಿ ಒಂದು ವೃತ್ತ ಕಾಣುತ್ತದೆ. ವೃತ್ತದ ಮಧ್ಯೆ ಅಡ್ಡಲಾಗಿ ಒಂದು ಗೆರೆ ಇರುತ್ತದೆ. ಅದರ ಪಕ್ಕದಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಇನ್ನೂ ಕೆಲವು ಸಣ್ಣ ಗೆರೆಗಳು. ಕೊಚ್ಚಿ, ದುಬೈ, ಸಿಂಗಾಪುರ, ಲಂಡನ್, ಎಲ್ಲಿ ಹೋಗಿ ನೋಡಿದರೂ ಗುರುತು ಇದೇ. ಇದಕ್ಕೆ ಈಗಿನ ಹೆಸರು ಲೋಡ್ ಲೈನ್. ಹಳೆಯ ನಾವಿಕರು ಪ್ಲಿಮ್‌ಸಾಲ್ ಲೈನ್ ಅಂತಲೂ ಹೇಳುತ್ತಾರೆ. ಹಡಗಿನಲ್ಲಿ ಎಷ್ಟು ಭಾರ ತುಂಬಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂದು ತಿಳಿಸುವ ಗೆರೆ ಅದು. ಅದು ನೀರಿನ ಒಳಗೆ ಹೋಯಿತೆಂದರೆ ಹಡಗಿನಲ್ಲಿ ಭಾರ ಹೆಚ್ಚಾಗಿದೆ ಅಂತ ಲೆಕ್ಕ.

ಈ ಗೆರೆಗೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಹಡಗು ಕಟ್ಟುವ ಇಂಜಿನಿಯರ್ ಆಗಿರಲಿಲ್ಲ, ಕಪ್ತಾನನೂ ಆಗಿರಲಿಲ್ಲ. ಅವರು ಇಂಗ್ಲೆಂಡಿನ ಒಬ್ಬ ಕಲ್ಲಿದ್ದಲು ವ್ಯಾಪಾರಿ. ಒಮ್ಮೆ ಪೂರ್ತಿ ನೆಲಕಚ್ಚಿ, ಮತ್ತೆ ಎದ್ದು ನಿಂತು, ಪಾರ್ಲಿಮೆಂಟಿಗೆ ಹೋದವರು. ಸರಕಿನ ಮಾಲೀಕನ ಲಾಭ ಎಲ್ಲಿ ನಿಲ್ಲಬೇಕು, ದುಡಿಯುವವನ ಜೀವದ ಹಕ್ಕು ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಗೆ ಒಂದು ಬಣ್ಣದ ಗೆರೆಯಲ್ಲಿ ಉತ್ತರ ಸಿಗುವಂತೆ ಮಾಡಿದವರು.

ಬ್ಯಾರಿ ಎಂಬ ನಮ್ಮ ಹೆಸರೇ 'ಬ್ಯಾರ', ಅಂದರೆ ವ್ಯಾಪಾರ, ಎಂಬ ಮಾತಿನಿಂದ ಬಂದದ್ದು ಎಂದು ಹೇಳುವವರು ಹಲವರಿದ್ದಾರೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳಲ್ಲಿ ಸಾಮಾನು ಹೋಗುವುದು ಈಗಲೂ ಉಂಟು. ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳಿಂದ ಮಕ್ಕಳು ಮರ್ಚೆಂಟ್ ನೇವಿಗೆ ಹೋಗಿದ್ದಾರೆ. ಹಾಗಾಗಿ ಈ ಮನುಷ್ಯನ ಜೀವನ ನಮ್ಮ ಯುವಕರಿಗೆ ತಿಳಿದಿರಬೇಕಾದದ್ದು.

ಬಾಲ್ಯ ಮತ್ತು ಮೊದಲ ದುಡಿಮೆ

ಪ್ಲಿಮ್‌ಸಾಲ್ ಹುಟ್ಟಿದ್ದು 1824ರ ಫೆಬ್ರವರಿ 10ರಂದು, ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನಲ್ಲಿ. ತಂದೆಗೆ ಅಬಕಾರಿ ಇಲಾಖೆಯಲ್ಲಿ ನೌಕರಿ. ಕುಟುಂಬ ಮೊದಲು ಪೆನ್ರಿತ್‌ಗೆ, ಆಮೇಲೆ ಉಕ್ಕಿನ ಊರು ಶೆಫೀಲ್ಡ್‌ಗೆ ಬಂತು. ಹುಡುಗ ಶಾಲೆಯನ್ನು ಬೇಗ ಬಿಟ್ಟ. ಮೊದಲು ವಕೀಲರ ಆಫೀಸಿನಲ್ಲಿ ಗುಮಾಸ್ತ, ನಂತರ ಶೆಫೀಲ್ಡ್‌ನ ಒಂದು ಬಿಯರ್ ಕಾರ್ಖಾನೆಯಲ್ಲಿ ಗುಮಾಸ್ತ. ಅಲ್ಲೇ ಮೇಲೆ ಬಂದು ಮ್ಯಾನೇಜರ್ ಆದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಲೆಕ್ಕ, ಪತ್ರ ವ್ಯವಹಾರ, ಜನರೊಂದಿಗೆ ಮಾತು, ಎಲ್ಲವನ್ನೂ ಕೆಲಸದಲ್ಲೇ ಕಲಿತರು. 1851ರಲ್ಲಿ ಲಂಡನ್‌ನಲ್ಲಿ ನಡೆದ ಹೆಸರಾಂತ ಮಹಾ ಪ್ರದರ್ಶನಕ್ಕೆ ಗೌರವ ಕಾರ್ಯದರ್ಶಿಯಾಗಿ ಕೆಲಸ ಮಾಡಿದ್ದರು.

ಆ ಕಾಲದಲ್ಲಿ ಲಂಡನ್ ನಗರದ ಒಲೆ ಉರಿಯುತ್ತಿದ್ದದ್ದು ಕಲ್ಲಿದ್ದಲಿನಿಂದ. ಅದರ ಹೆಚ್ಚಿನ ಪಾಲು ಉತ್ತರದ ಟೈನ್ ನದಿಯ ಕಡೆಯಿಂದ ಸಮುದ್ರದ ಮೇಲೆ ಹಡಗಿನಲ್ಲಿ ಬರುತ್ತಿತ್ತು. ಯಾರ್ಕ್‌ಶೈರ್ ಗಣಿಗಳ ಕಲ್ಲಿದ್ದಲನ್ನು ರೈಲಿನಲ್ಲಿ ನೇರ ಲಂಡನ್‌ಗೆ ತಂದು ಮಾರಿದರೆ ಹೇಗೆ ಎಂಬುದು ಪ್ಲಿಮ್‌ಸಾಲ್ ಅವರ ಯೋಚನೆ. ಯೋಚನೆ ಒಳ್ಳೆಯದೇ. 1853ರಲ್ಲಿ ನೌಕರಿ ಬಿಟ್ಟು ಲಂಡನ್‌ನಲ್ಲಿ ವ್ಯಾಪಾರಕ್ಕೆ ಇಳಿದರು.

ಸೋಲು ಕಲಿಸಿದ ಪಾಠ

ವ್ಯಾಪಾರ ಕೈಕೊಟ್ಟಿತು. ಒಂದೆರಡು ವರ್ಷದಲ್ಲೇ ಕೈಯಲ್ಲಿದ್ದದ್ದೆಲ್ಲ ಹೋಯಿತು. ದೊಡ್ಡ ನಗರದಲ್ಲಿ, ಬಡ ಕೂಲಿಗಳು ರಾತ್ರಿ ಮಲಗಲು ದುಡ್ಡು ಕೊಟ್ಟು ಇರುವ ಅಗ್ಗದ ವಸತಿಗಳಲ್ಲಿ ಪ್ಲಿಮ್‌ಸಾಲ್ ದಿನ ಕಳೆದರು. ವಾರಕ್ಕೆ ಎಂಟು ಶಿಲಿಂಗ್‌ಗೂ ಕಡಿಮೆ ದುಡ್ಡಿನಲ್ಲಿ ಬದುಕಿದ್ದನ್ನು ಮುಂದೆ ಅವರೇ ಬರೆದಿದ್ದಾರೆ. ಇಪ್ಪತ್ತು ಶಿಲಿಂಗ್ ಸೇರಿದರೆ ಒಂದು ಪೌಂಡ್, ಅಂದರೆ ವಾರಕ್ಕೆ ಅರ್ಧ ಪೌಂಡ್ ಕೂಡ ಇಲ್ಲ.

ಅಲ್ಲಿ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವರು ದುಡಿಯುವ ಬಡವರು. ಅವರ ಮರ್ಯಾದೆ, ಒಬ್ಬರಿಗೊಬ್ಬರು ಆಗುವ ರೀತಿ, ಇದ್ದ ರೊಟ್ಟಿಯನ್ನು ಹಂಚಿಕೊಳ್ಳುವ ಗುಣ, ಎಲ್ಲವನ್ನೂ ಪ್ಲಿಮ್‌ಸಾಲ್ ಹತ್ತಿರದಿಂದ ಕಂಡರು. ಮೇಲಿನ ವರ್ಗದವರು ಬಡವರ ಬಗ್ಗೆ ಆಡುವ ಮಾತು ಎಷ್ಟು ಸುಳ್ಳು ಎಂಬುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಆಮೇಲೆ ವ್ಯಾಪಾರ ಮತ್ತೆ ಕುದುರಿತು. ರೈಲಿನ ಬೋಗಿಯಿಂದ ಕಲ್ಲಿದ್ದಲು ಇಳಿಸುವಾಗ ಎತ್ತರದಿಂದ ಬಿದ್ದು ಗಟ್ಟಿಗಳು ಒಡೆದು ಪುಡಿಯಾಗುತ್ತಿದ್ದವು. ಪುಡಿಗೆ ಬೆಲೆ ಇಲ್ಲ. ಒಡೆಯದ ಹಾಗೆ ಇಳಿಸುವ ಒಂದು ವಿಧಾನಕ್ಕೆ ಅವರು ಪೇಟೆಂಟ್ ಪಡೆದರು. ಲಂಡನ್‌ನ ಕಿಂಗ್ಸ್ ಕ್ರಾಸ್ ಬಳಿ ಅವರ ಕಲ್ಲಿದ್ದಲು ಡಿಪೋ ನಡೆಯಿತು. ದುಡ್ಡು ಬಂತು. ಮದುವೆಯಾದದ್ದು ಎಲೈಜಾ ರೈಲ್ಟನ್ ಅವರನ್ನು. ಮುಂದಿನ ಇಡೀ ಹೋರಾಟದಲ್ಲಿ ಎಲೈಜಾ ಗಂಡನ ಜೊತೆಗೇ ಇದ್ದರು. 1868ರಲ್ಲಿ ಡರ್ಬಿ ಕ್ಷೇತ್ರದಿಂದ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಪ್ಲಿಮ್‌ಸಾಲ್ ಪಾರ್ಲಿಮೆಂಟಿಗೆ ಆಯ್ಕೆಯಾದರು.

ಶವಪೆಟ್ಟಿಗೆ ಹಡಗುಗಳ ಲೆಕ್ಕಾಚಾರ

ಹಡಗಿನ ವಿಷಯ ಪ್ಲಿಮ್‌ಸಾಲ್ ತಾನಾಗಿ ಕಂಡುಹಿಡಿದದ್ದಲ್ಲ. ಟೈನ್ ನದಿ ತೀರದ ಜೇಮ್ಸ್ ಹಾಲ್ ಎಂಬ ಹಡಗು ಮಾಲೀಕರು ಅದಕ್ಕೂ ಮೊದಲೇ ಅತಿಭಾರದ ವಿರುದ್ಧ ದನಿ ಎತ್ತಿದ್ದರು. ಎಲ್ಲ ಹಡಗು ಮಾಲೀಕರೂ ಕೆಟ್ಟವರಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಆ ವಿಷಯವನ್ನು ಪ್ಲಿಮ್‌ಸಾಲ್ ಕೈಗೆತ್ತಿಕೊಂಡು ತಮ್ಮದಾಗಿ ಮಾಡಿಕೊಂಡರು.

ಆಗ ಮುಳುಗುತ್ತಿದ್ದ ಹಡಗುಗಳೆಲ್ಲ ಬಿರುಗಾಳಿಗೆ ಸಿಕ್ಕಿ ಮುಳುಗಿದವುಗಳಲ್ಲ. ಕೆಲವು ತುಂಬ ಹಳೆಯವು, ಹಲಗೆ ಕೊಳೆತವು. ಕೆಲವಕ್ಕೆ ಮಿತಿ ಮೀರಿ ಸರಕು ತುಂಬಲಾಗುತ್ತಿತ್ತು. 1866ರ ಜನವರಿಯಲ್ಲಿ 'ಲಂಡನ್' ಎಂಬ ಹೆಸರಿನ ಹಡಗು ಆಸ್ಟ್ರೇಲಿಯಾಕ್ಕೆ ಹೊರಟು ಬಿಸ್ಕೆ ಕೊಲ್ಲಿಯಲ್ಲಿ ಮುಳುಗಿ ಸುಮಾರು 220 ಜನ ಸತ್ತರು. ಅದರಲ್ಲಿ ಭಾರ ಹೆಚ್ಚಾಗಿತ್ತು ಎಂಬ ಮಾತು ಇಡೀ ದೇಶದಲ್ಲಿ ಕೇಳಿಬಂತು. ಜನ ಇಂಥ ಹಡಗುಗಳಿಗೆ ಇಟ್ಟ ಹೆಸರು ಶವಪೆಟ್ಟಿಗೆ ಹಡಗು.

ಹಡಗು ಮುಳುಗಿದರೆ ಮಾಲೀಕನಿಗೆ ನಷ್ಟ ಅಲ್ಲವೇ, ಅವನೇ ಯಾಕೆ ಹೆಚ್ಚು ತುಂಬುತ್ತಾನೆ ಅಂತ ಯಾರಿಗಾದರೂ ಅನಿಸಬಹುದು. ವಿಷಯ ಇರುವುದು ಇನ್ಶೂರೆನ್ಸ್‌ನಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ಹಡಗೊಂದರ ನಿಜವಾದ ಬೆಲೆ 5,000 ಪೌಂಡ್ ಅಂತ ಇಟ್ಟುಕೊಳ್ಳಿ. ಮಾಲೀಕ ಅದಕ್ಕೆ 8,000 ಪೌಂಡ್ ವಿಮೆ ಮಾಡಿಸುತ್ತಾನೆ. ಹಡಗು ಕ್ಷೇಮವಾಗಿ ಊರು ಸೇರಿದರೆ ಹೆಚ್ಚು ತುಂಬಿದ ಸರಕಿಗೆ ಹೆಚ್ಚು ಬಾಡಿಗೆ ಸಿಕ್ಕಿತು. ಸೇರದೆ ಮುಳುಗಿದರೆ 3,000 ಪೌಂಡ್ ಮೇಲೆ ಸಿಕ್ಕಿತು. ಎರಡು ಕಡೆಯಿಂದಲೂ ಅವನಿಗೆ ಲಾಭವೇ. ನಷ್ಟ ಯಾರಿಗೆ? ಹಡಗಿನಲ್ಲಿದ್ದ ನಾವಿಕನಿಗೆ, ಅವನ ಹೆಂಡತಿ ಮಕ್ಕಳಿಗೆ.

ವಿಮೆ ಕೊಡುವವರು ಸುಮ್ಮನಿರುತ್ತಾರಾ? ಇದನ್ನೂ ಪ್ಲಿಮ್‌ಸಾಲ್ ವಿವರಿಸಿದರು. ಲಂಡನ್‌ನಲ್ಲಿ ಒಂದು ಹಡಗಿನ ವಿಮೆಯ ಹೊಣೆಯನ್ನು ಒಬ್ಬನೇ ಹೊರುವುದಿಲ್ಲ. ಹತ್ತಾರು ಜನ ಸ್ವಲ್ಪ ಸ್ವಲ್ಪ ಹಂಚಿಕೊಳ್ಳುತ್ತಾರೆ. ಹಡಗು ಮುಳುಗಿದಾಗ ಪ್ರತಿಯೊಬ್ಬನ ಪಾಲಿಗೆ ಬರುವುದು ಸಣ್ಣ ಮೊತ್ತ. ಸಂಶಯ ಬಂದರೂ ಅಷ್ಟು ಸಣ್ಣ ದುಡ್ಡಿಗೆ ಒಬ್ಬ ಶ್ರೀಮಂತ ಮಾಲೀಕನ ವಿರುದ್ಧ ಕೋರ್ಟು ಹತ್ತುವವರು ಯಾರು? ಕೊಟ್ಟು ಕೈತೊಳೆದುಕೊಳ್ಳುವುದೇ ಸುಲಭ. ಅಪಾಯವನ್ನು ಹಂಚಿಕೊಳ್ಳುವ ವ್ಯವಸ್ಥೆ ಒಳ್ಳೆಯದೇ. ಆದರೆ ಹಂಚಿ ಹಂಚಿ ಯಾರಿಗೂ ನೋವಾಗದ ಹಂತಕ್ಕೆ ಬಂದರೆ ಕೇಳುವವರೂ ಇಲ್ಲದಾಗುತ್ತಾರೆ. ಈ ಲೆಕ್ಕ ಹಿಡಿಯಲು ಒಬ್ಬ ವ್ಯಾಪಾರಿಯ ಕಣ್ಣೇ ಬೇಕಾಯಿತು.

ಬರುವುದಿಲ್ಲ ಎಂದವನಿಗೆ ಜೈಲು

ಹಡಗು ನೋಡಿ ಹೆದರಿದ ನಾವಿಕ ಬಿಟ್ಟು ಹೋಗಬಹುದಿತ್ತಲ್ಲ? ಹೋಗಲು ಆಗುತ್ತಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಕರಾರಿಗೆ ಸಹಿ ಹಾಕಿದ ಮೇಲೆ ಹಡಗು ಹತ್ತುವುದಿಲ್ಲ ಎಂದರೆ ಅದು ಅಪರಾಧ. ಹತ್ತು ಹನ್ನೆರಡು ವಾರದ ತನಕ ಜೈಲು ಶಿಕ್ಷೆ ಸಿಗುತ್ತಿತ್ತು. ಎಷ್ಟೋ ಸಲ ನಾವಿಕ ಸಹಿ ಹಾಕುವುದು ದಡದ ಆಫೀಸಿನಲ್ಲಿ. ಹಡಗನ್ನು ಕಣ್ಣಾರೆ ಕಾಣುವುದು ಆಮೇಲೆ. ಕೊಳೆತ ಹಲಗೆ, ನೀರಿಗೆ ತಾಗುವಷ್ಟು ಕೆಳಗಿಳಿದ ಅಂಚು ಕಂಡು ಹಿಂದೆ ಸರಿದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬೇಕು. ಸಾಯುವ ಭಯಕ್ಕಿಂತ ಜೈಲೇ ಮೇಲು ಎಂದು ಜೈಲಿಗೆ ಹೋದವರು ಬಹಳ ಜನ. ಹಡಗು ಯೋಗ್ಯವಾಗಿದೆಯೇ ಎಂದು ನೋಡುವ ಕಾನೂನು ಬಲವಾಗಿರಲಿಲ್ಲ, ನಾವಿಕನನ್ನು ಹಿಡಿದು ಹಾಕುವ ಕಾನೂನು ಮಾತ್ರ ಬಲವಾಗಿತ್ತು.

ಪುಸ್ತಕ ಮತ್ತು ಕೇಸುಗಳು

1873ರ ಆರಂಭದಲ್ಲಿ 'ಅವರ್ ಸೀಮೆನ್' ಎಂಬ ಪ್ಲಿಮ್‌ಸಾಲ್ ಅವರ ಪುಸ್ತಕ ದೇಶವಿಡೀ ಸದ್ದು ಮಾಡಿತು. ನಮ್ಮ ನಾವಿಕರು ಎಂಬುದು ಆ ಹೆಸರಿನ ಅರ್ಥ. ಅದರಲ್ಲಿ ಭಾಷಣ ಮಾತ್ರ ಇರಲಿಲ್ಲ. ಪತ್ರಗಳು, ವಿಮೆಯ ಕಾಗದಗಳು, ನಕ್ಷೆ, ಅಂಕಿ ಅಂಶ ಎಲ್ಲ ಇದ್ದವು. ಜನ ಓದಿದರು, ಸಭೆಗಳು ನಡೆದವು, ಕಾರ್ಮಿಕ ಸಂಘಗಳು ಬೆಂಬಲಕ್ಕೆ ಬಂದವು. ಅದೇ ವರ್ಷ ಸರ್ಕಾರ ವಿಚಾರಣೆಗೆ ಒಂದು ರಾಯಲ್ ಕಮಿಷನ್ ನೇಮಿಸಿತು.

ಇನ್ನೊಂದು ಕಡೆಯಿಂದ ಮಾನನಷ್ಟ ಕೇಸುಗಳು ಬಂದವು. ಪಾರ್ಲಿಮೆಂಟಿನಲ್ಲೇ ಹಡಗು ಮಾಲೀಕರು ಕುಳಿತಿದ್ದರು. ಕೋರ್ಟಿನ ಖರ್ಚು ಪ್ಲಿಮ್‌ಸಾಲ್ ಅವರನ್ನು ಹಿಂಡಿತು. ಅವರ ಎಲ್ಲ ಆರೋಪಗಳೂ ಸಾಬೀತಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕೋಪದಲ್ಲಿ ಕೆಲವು ಕಡೆ ಮಾತು ಹೆಚ್ಚಾಗಿತ್ತು, ಕೆಲವು ಮಾಲೀಕರಿಗೆ ಅನ್ಯಾಯವೂ ಆಗಿತ್ತು. ಆದರೆ ಮೂಲ ವಿಷಯ ಸುಳ್ಳಾಗಿರಲಿಲ್ಲ. 1874ರಲ್ಲಿ ಅವರು ತಂದ ಮಸೂದೆ ಕೇವಲ ಮೂರು ಮತಗಳಿಂದ ಸೋತಿತು.

1875ರ ಜುಲೈ 22

ಮರು ವರ್ಷ ಪ್ರಧಾನಿ ಬೆಂಜಮಿನ್ ಡಿಸ್ರೇಲಿ ಅವರ ಸರ್ಕಾರವೇ ಒಂದು ಹಡಗು ಮಸೂದೆ ತಂದಿತು. ಪ್ಲಿಮ್‌ಸಾಲ್ ಅವರಿಗೆ ಅದು ಸಾಕೆನಿಸಿರಲಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು ಅಂತ ಒಪ್ಪಿದ್ದರು. ಜುಲೈ 22ರಂದು ಡಿಸ್ರೇಲಿ ಎದ್ದು ನಿಂತು, ಈ ಅಧಿವೇಶನದಲ್ಲಿ ಸಮಯ ಸಾಲದು, ಮಸೂದೆಯನ್ನು ಕೈಬಿಡುತ್ತೇವೆ ಎಂದರು. ಕೃಷಿ ಭೂಮಿಯ ಇನ್ನೊಂದು ಮಸೂದೆಗೆ ಸಮಯ ಬೇಕಿತ್ತು.

ಚಳಿಗಾಲ ಬರುವುದಿತ್ತು. ಚಳಿಗಾಲದ ಸಮುದ್ರಕ್ಕೆ ಅದೇ ಹಳೆಯ ಹಡಗುಗಳು, ಅದೇ ಭಾರ ಹೊತ್ತು ಇನ್ನೊಂದು ವರ್ಷ ಹೋಗುತ್ತವೆ ಅಂತ ಅರ್ಥ. ಪ್ಲಿಮ್‌ಸಾಲ್ ತಾಳ್ಮೆ ಕಳೆದುಕೊಂಡರು. ಸದನದ ಮಧ್ಯಕ್ಕೆ ಬಂದು ಕೂಗಾಡಿದರು, ಮುಷ್ಟಿ ಬಿಗಿದು ತೋರಿಸಿದರು, ನಾವಿಕರನ್ನು ಸಾವಿಗೆ ಕಳಿಸುವ ಸದಸ್ಯರನ್ನು ನೀಚರು ಎಂದು ಕರೆದರು. ಮುಳುಗಿದ ಹಡಗುಗಳ ಹೆಸರು ಹೇಳಿ ಅವುಗಳ ಮಾಲೀಕ ಇದೇ ಸದನದ ಸದಸ್ಯನೇ ಎಂದು ಕೇಳುತ್ತೇನೆ ಎಂದರು. ಸ್ಪೀಕರ್ ಮಾತು ಹಿಂದೆಗೆಯಲು ಹೇಳಿದರೂ ಒಪ್ಪಲಿಲ್ಲ. ಹೊರಗೆ ಹೋಗಬೇಕಾಯಿತು. ಅವರ ಮೇಲೆ ಕ್ರಮ ತೆಗೆದುಕೊಳ್ಳುವ ವಿಷಯವನ್ನು ಒಂದು ವಾರ ಮುಂದೂಡಲಾಯಿತು.

ಆ ಒಂದು ವಾರದಲ್ಲಿ ಗಾಳಿ ತಿರುಗಿತು. ಪತ್ರಿಕೆಗಳು ಬರೆದವು, ಊರೂರಲ್ಲಿ ಸಭೆ ಸೇರಿತು. ಸದನದ ನಿಯಮ ಮುರಿದದ್ದು ತಪ್ಪೇ, ಆದರೆ ಹೇಳಿದ ವಿಷಯ ಸರಿಯಲ್ಲವೇ ಎಂದು ಜನ ಕೇಳಿದರು. ವಾರ ಕಳೆದ ಮೇಲೆ ಪ್ಲಿಮ್‌ಸಾಲ್ ಸದನಕ್ಕೆ ಬಂದು ತಮ್ಮ ವರ್ತನೆಗೆ ಕ್ಷಮೆ ಕೇಳಿದರು. ನಾವಿಕರ ಪರವಾಗಿ ಎತ್ತಿದ ವಿಷಯವನ್ನು ಮಾತ್ರ ಬಿಡಲಿಲ್ಲ. ಸರ್ಕಾರ ಮಣಿಯಿತು. ಆಗಸ್ಟ್ ಮುಗಿಯುವ ಮೊದಲೇ ಒಂದು ತಾತ್ಕಾಲಿಕ ಕಾನೂನು ಪಾಸಾಯಿತು. ಹಡಗಿನ ಸಿಬ್ಬಂದಿಯ ನಾಲ್ಕನೇ ಒಂದು ಪಾಲು ಜನ ದೂರು ಕೊಟ್ಟರೆ ಹಡಗನ್ನು ತಡೆದು ಪರೀಕ್ಷೆ ಮಾಡುವ ಅವಕಾಶ ಅದರಲ್ಲಿ ಬಂತು. ನಿನ್ನೆಯ ತನಕ ಜೈಲಿಗೆ ಕಳಿಸುತ್ತಿದ್ದ ದೂರು ಈಗ ಹಡಗನ್ನೇ ನಿಲ್ಲಿಸುವಂತಾಯಿತು.

ಗೆರೆ ಬಂತು, ಜಾಗ ಮಾತ್ರ ಮಾಲೀಕನ ಇಷ್ಟ

1876ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ ಶಾಶ್ವತ ಕಾನೂನಾಗಿ ಬಂತು. ವಿದೇಶಕ್ಕೆ ಹೋಗುವ ಬ್ರಿಟಿಷ್ ಹಡಗುಗಳ ಎರಡೂ ಬದಿಯಲ್ಲಿ 12 ಇಂಚು ಅಗಲದ ವೃತ್ತ, ಅದರ ನಡುವೆ 18 ಇಂಚು ಉದ್ದದ ಗೆರೆ ಇರಲೇಬೇಕು ಎಂದಾಯಿತು.

ಆದರೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ತೂತು ಇತ್ತು. ಗೆರೆ ಹಾಕಬೇಕು ಎಂದಿತ್ತು, ಎಲ್ಲಿ ಹಾಕಬೇಕು ಎಂದಿರಲಿಲ್ಲ. ಜಾಗ ನಿರ್ಧಾರ ಮಾಡುವುದು ಮಾಲೀಕನೇ. ಮೇಲೆ ಹಾಕಿಕೊಂಡರೆ ಹೆಚ್ಚು ತುಂಬಬಹುದು. ತಕ್ಕಡಿಗೆ ಕಲ್ಲು ಇರಬೇಕು, ಕಲ್ಲಿನ ತೂಕ ಅಂಗಡಿಯವನೇ ಹೇಳಲಿ ಅಂದ ಹಾಗಾಯಿತು ಇದು.

ಜಾಗ ನಿಗದಿ ಮಾಡುವುದು ಸುಲಭದ ಕೆಲಸವೂ ಆಗಿರಲಿಲ್ಲ. ಮಧ್ಯಯುಗದ ವೆನಿಸ್‌ನಲ್ಲೇ ಹಡಗಿನ ಬದಿಗೆ ಗುರುತು ಹಾಕುವ ಪದ್ಧತಿ ಇತ್ತು. 1835ರಲ್ಲಿ ಲಂಡನ್‌ನ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆ, ಸರಕು ತುಂಬುವ ಜಾಗದ ಆಳ ಪ್ರತಿ ಅಡಿಗೆ ಮೂರು ಇಂಚಿನಷ್ಟು ಬದಿ ನೀರಿನ ಮೇಲೆ ಉಳಿಯಬೇಕು ಎಂದು ಸಲಹೆ ಕೊಟ್ಟಿತ್ತು. ಅದು ಸಲಹೆ ಮಾತ್ರ. ಮರದ ಹಡಗು ಹೋಗಿ ಕಬ್ಬಿಣದ್ದು, ಹಾಯಿ ಹೋಗಿ ಉಗಿಯದ್ದು ಬಂದಾಗ ಒಂದೇ ಲೆಕ್ಕ ಎಲ್ಲಕ್ಕೂ ಹೊಂದುತ್ತಿರಲಿಲ್ಲ. ಲಾಯ್ಡ್ಸ್ ರಿಜಿಸ್ಟರ್‌ನ ಮುಖ್ಯ ಸರ್ವೇಯರ್ ಬೆಂಜಮಿನ್ ಮಾರ್ಟೆಲ್ ಹಡಗಿನ ಆಕಾರ, ಉದ್ದ, ಬಲ ಎಲ್ಲ ಲೆಕ್ಕ ಹಾಕಿ ಕೋಷ್ಟಕಗಳನ್ನು ತಯಾರಿಸಿದರು. ಅಂಥ ಕೋಷ್ಟಕಗಳ ಆಧಾರದ ಮೇಲೆ 1890ರ ಕಾನೂನು ಗೆರೆಯ ಜಾಗವನ್ನು ಮಾಲೀಕನ ಕೈಯಿಂದ ತೆಗೆಯಿತು. 1876ರಿಂದ 1890ಕ್ಕೆ 14 ವರ್ಷ. ಅಲ್ಲಿಯ ತನಕ ಗೆರೆ ಇದ್ದೂ ಪೂರ್ತಿ ಕೆಲಸಕ್ಕೆ ಬಂದಿರಲಿಲ್ಲ.

ಪ್ಲಿಮ್‌ಸಾಲ್ ಜೀವನದಿಂದ ಕಲಿಯುವುದು ಒಂದೇ ವಿಷಯ ಅಂತಾದರೆ ಅದು ಇದು. ಲಾಭ ಯಾರದೋ ಅವನ ಕೈಯಲ್ಲೇ ಮಿತಿ ಹಾಕುವ ಅಧಿಕಾರ ಬಿಟ್ಟರೆ ಆ ಮಿತಿ ತೋರಿಕೆಗೆ ಮಾತ್ರ. ಅಳತೆ ತೂಕದಲ್ಲಿ ಮೋಸ ಮಾಡಬಾರದು ಎಂದು ದೀನ್ ಕಲಿಸಿದ ನಮಗೆ ಈ ಮಾತು ಹೊಸದಲ್ಲ.

ಗೆರೆಯನ್ನು ಓದುವುದು ಹೇಗೆ?

ಹಡಗಿನ ಕೆಲಸಕ್ಕೆ ಹೋಗಬೇಕೆಂದಿರುವ ಯುವಕರಿಗೆ ಇದು ಉಪಯೋಗಕ್ಕೆ ಬೀಳಬಹುದು. ಇಂದಿನ ಗುರುತಿನಲ್ಲಿ ವೃತ್ತದ ಅಗಲ 300 ಮಿಲಿಮೀಟರ್, ಗೆರೆಯ ಉದ್ದ 450 ಮಿಲಿಮೀಟರ್. ಹಳೆಯ ಇಂಚಿನ ಅಳತೆಯೇ ಹೆಚ್ಚು ಕಡಿಮೆ ಹಾಗೇ ಉಳಿದಿದೆ. ವೃತ್ತದ ಎರಡು ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಹಡಗನ್ನು ಪರೀಕ್ಷಿಸಿ ಜಾಗ ನಿಗದಿ ಮಾಡಿದ ಸಂಸ್ಥೆ ಯಾವುದು ಎಂದು ಅವು ಹೇಳುತ್ತವೆ. ಎಲ್, ಆರ್ ಎಂದಿದ್ದರೆ ಲಾಯ್ಡ್ಸ್ ರಿಜಿಸ್ಟರ್. ಐ, ಆರ್ ಎಂದಿದ್ದರೆ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್.

ಪಕ್ಕದ ಏಣಿಯಲ್ಲಿ ಎಸ್ ಎಂದರೆ ಬೇಸಿಗೆಯ ಗೆರೆ, ವೃತ್ತದ ನಡುವಿನ ಗೆರೆಯ ಮಟ್ಟಕ್ಕೇ ಇರುತ್ತದೆ. ಅದರ ಮೇಲೆ ಟಿ, ಉಷ್ಣವಲಯದ ಗೆರೆ. ಕೆಳಗೆ ಡಬ್ಲ್ಯೂ, ಚಳಿಗಾಲದ ಗೆರೆ. ಸಮುದ್ರ ಎಲ್ಲಿ ಹೆಚ್ಚು ಒರಟೋ ಅಲ್ಲಿ ಕಡಿಮೆ ತುಂಬಬೇಕು ಎಂಬುದು ಲೆಕ್ಕ. ಬೇಸಿಗೆ ಮತ್ತು ಚಳಿಗಾಲದ ಗೆರೆಗಳ ನಡುವಿನ ಅಂತರ, ಬೇಸಿಗೆಯ ಗೆರೆಯ ತನಕ ಹಡಗು ಮುಳುಗುವ ಆಳದ 48ನೇ ಒಂದು ಪಾಲು. 12 ಮೀಟರ್ ಆಳಕ್ಕೆ ಮುಳುಗುವ ಹಡಗಿಗೆ ಅದು 25 ಸೆಂಟಿಮೀಟರ್ ಆಯಿತು. ನಮ್ಮ ಅರಬ್ಬಿ ಸಮುದ್ರ ಋತುಮಾನಕ್ಕೆ ತಕ್ಕಂತೆ ಬದಲಾಗುವ ವಲಯ. ಮುಂಗಾರಿನ ತಿಂಗಳುಗಳಲ್ಲಿ ಉಷ್ಣವಲಯದ ಗೆರೆಯ ತನಕ ತುಂಬುವಂತಿಲ್ಲ.

ಎಫ್ ಎಂದರೆ ಸಿಹಿನೀರಿನ ಗೆರೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ಒಂದು ಘನ ಮೀಟರಿಗೆ ಸುಮಾರು 25 ಕಿಲೋ ಹೆಚ್ಚು. ಹಾಗಾಗಿ ಹೊಳೆಯಲ್ಲಿ ತುಂಬಿದ ಹಡಗು ಸಮುದ್ರಕ್ಕೆ ಬಂದಾಗ ಸ್ವಲ್ಪ ಮೇಲೇಳುತ್ತದೆ. ದೊಡ್ಡ ಹಡಗಿನಲ್ಲಿ ಈ ವ್ಯತ್ಯಾಸ ಹೆಚ್ಚು ಕಡಿಮೆ ಒಂದು ಗೇಣು. ಹೊಳೆಯ ನೀರಿನಲ್ಲಿ ಭಾರ ತುಂಬಿ ಅಳಿವೆ ದಾಟುವ ಮಂಜಿಗೂ ಇದೇ ನಿಯಮ, ಪ್ರಮಾಣ ಮಾತ್ರ ಸಣ್ಣದು.

ಒಂದೆರಡು ಗೇಣಿಗೆ ಇಷ್ಟು ದೊಡ್ಡ ಜಗಳವೇ ಅಂತ ಕೇಳಬಹುದು. 200 ಮೀಟರ್ ಉದ್ದ, 32 ಮೀಟರ್ ಅಗಲದ ಒಂದು ಸರಕು ಹಡಗು ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಲು ಸುಮಾರು 55 ಟನ್ ಸರಕು ಬೇಕು. 25 ಸೆಂಟಿಮೀಟರ್ ಎಂದರೆ 1,300 ಟನ್ನಿಗೂ ಮೇಲೆ. ಅಷ್ಟು ಸರಕಿನ ಬಾಡಿಗೆ ಲೆಕ್ಕ ಹಾಕಿದರೆ ಆಸೆ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. ಇನ್ನೊಂದು ಕಡೆ, ನೀರಿನ ಮೇಲೆ ಉಳಿದ ಆ ಬದಿಯೇ ಹಡಗಿನ ಉಸಿರು. ಅಲೆ ಹತ್ತಿ ಬಂದಾಗ, ಒಳಗೆ ನೀರು ನುಗ್ಗಿದಾಗ ಹಡಗನ್ನು ಎತ್ತಿ ಹಿಡಿಯುವುದು ಆ ಖಾಲಿ ಉಳಿದ ಎತ್ತರ.

ಕೊನೆಯ ವರ್ಷಗಳು

1880ರ ಚುನಾವಣೆಯಲ್ಲಿ ಪ್ಲಿಮ್‌ಸಾಲ್ ಡರ್ಬಿಯಿಂದ ಮತ್ತೆ ಗೆದ್ದರು. ಆದರೆ ಹೊಸ ಗೃಹ ಮಂತ್ರಿ ವಿಲಿಯಂ ಹಾರ್ಕೋರ್ಟ್ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು. ಮಂತ್ರಿಯಾಗಿರುವವರು ಒಳಗಿದ್ದರೆ ನಾವಿಕರ ಕೆಲಸ ಬೇಗ ಆಗುತ್ತದೆ ಎಂದು ನಂಬಿ ಪ್ಲಿಮ್‌ಸಾಲ್ ಗೆದ್ದ ಸೀಟನ್ನೇ ಅವರಿಗೆ ಬಿಟ್ಟುಕೊಟ್ಟರು. ಆಮೇಲೆ ಅವರು ಪಾರ್ಲಿಮೆಂಟಿಗೆ ಮರಳಲಿಲ್ಲ.

ಕುರ್ಚಿ ಹೋದರೂ ಕೆಲಸ ನಿಲ್ಲಲಿಲ್ಲ. 1887ರಲ್ಲಿ ಹುಟ್ಟಿದ ನಾವಿಕರ ಮತ್ತು ಬೆಂಕಿ ಕೆಲಸದವರ ಸಂಘಕ್ಕೆ ಅವರು ಗೌರವಾಧ್ಯಕ್ಷರಾದರು. 1890ರಲ್ಲಿ ದನಗಳನ್ನು ಸಾಗಿಸುವ ಹಡಗುಗಳ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಸಮುದ್ರದ ಮೇಲೆ ಆ ಮೂಕ ಪ್ರಾಣಿಗಳು ಪಡುವ ಹಿಂಸೆಯನ್ನು ಅದರಲ್ಲಿ ಬಿಡಿಸಿ ಹೇಳಿದರು. ಮುದಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿಯ ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಇಂಗ್ಲೆಂಡಿನ ಮೇಲಿನ ಕಹಿ ಕಡಿಮೆಯಾಗಲಿ ಎಂದು ಪ್ರಯತ್ನ ಮಾಡಿದರು. ಎಲೈಜಾ 1882ರಲ್ಲಿ ತೀರಿಕೊಂಡಿದ್ದರು. 1885ರಲ್ಲಿ ಹ್ಯಾರಿಯೆಟ್ ವೇಡ್ ಅವರನ್ನು ಮರುಮದುವೆಯಾಗಿದ್ದರು. 1898ರ ಜೂನ್ 3ರಂದು, 74ನೇ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆಯ ದಡದ ಫೋಕ್‌ಸ್ಟನ್‌ನಲ್ಲಿ ಪ್ಲಿಮ್‌ಸಾಲ್ ನಿಧನರಾದರು. ಲಂಡನ್‌ನ ಥೇಮ್ಸ್ ನದಿ ದಡದಲ್ಲಿ 1929ರಲ್ಲಿ ಅವರ ಸ್ಮಾರಕ ಎದ್ದಿತು. ಅದನ್ನು ಕಟ್ಟಿಸಿದ್ದು ಸರ್ಕಾರವಲ್ಲ, ನಾವಿಕರ ಸಂಘದ ಸದಸ್ಯರು. ರಬ್ಬರ್ ಅಂಚಿನ ಕ್ಯಾನ್ವಾಸ್ ಶೂಗಳಿಗೆ ಬ್ರಿಟನ್ನಿನಲ್ಲಿ ಇಂದಿಗೂ ಪ್ಲಿಮ್‌ಸಾಲ್ ಎಂಬ ಹೆಸರು ಉಂಟು, ಆ ಅಂಚು ಹಡಗಿನ ಗೆರೆಯ ಹಾಗೆ ಕಾಣುತ್ತದೆ ಎಂದು.

ಇಡೀ ಜಗತ್ತಿನ ನಿಯಮ

ಬ್ರಿಟಿಷ್ ಹಡಗುಗಳಿಗೆ ಮಾತ್ರ ಗೆರೆ ಇದ್ದರೆ ಬೇರೆ ದೇಶದವರು ಹೆಚ್ಚು ತುಂಬಿ ಅಗ್ಗಕ್ಕೆ ಸಾಗಿಸುತ್ತಾರೆ ಎಂಬುದು ಮಾಲೀಕರ ದೂರು. ದೂರಿನಲ್ಲಿ ಹುರುಳಿತ್ತು. 1906ರಲ್ಲಿ ಬ್ರಿಟಿಷ್ ಬಂದರಿಗೆ ಬರುವ ವಿದೇಶಿ ಹಡಗುಗಳಿಗೂ ಅದೇ ನಿಯಮ ಬಂತು. 1930ರಲ್ಲಿ ಲಂಡನ್‌ನಲ್ಲಿ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 1966ರಲ್ಲಿ ಆದ ಹೊಸ ಒಪ್ಪಂದ 1968ರ ಜುಲೈ 21ರಿಂದ ಜಾರಿಗೆ ಬಂದು ಇವತ್ತಿಗೂ ನಡೆಯುತ್ತಿದೆ. ಭಾರತದ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲೂ ಲೋಡ್ ಲೈನ್‌ಗೆ ಜಾಗ ಸಿಕ್ಕಿತು. ಅಂತಾರಾಷ್ಟ್ರೀಯ ಯಾನದ 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಸರಕು ಹಡಗಿಗೆ ಲೋಡ್ ಲೈನ್ ಸರ್ಟಿಫಿಕೇಟ್ ಬೇಕು. ಅದರ ಅವಧಿ ಹೆಚ್ಚೆಂದರೆ ಐದು ವರ್ಷ, ನಡುವೆ ಪ್ರತಿ ವರ್ಷ ಪರೀಕ್ಷೆ ಉಂಟು. ಗೆರೆ ಮುಳುಗಿದ ಹಡಗನ್ನು ಬಂದರಿನ ಅಧಿಕಾರಿಗಳು ತಡೆದು ನಿಲ್ಲಿಸಬಹುದು.

ಅಂದು ದೂರು ಹೇಳಿದ ನಾವಿಕನಿಗೆ ಜೈಲು ಸಿಗುತ್ತಿತ್ತು. ಇಂದು 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ಹಡಗಿನ ಒಳಗೂ ಬಂದರಿನಲ್ಲೂ ದೂರು ಕೊಡುವುದು ನಾವಿಕನ ಹಕ್ಕು, ಭಾರತವೂ ಇದಕ್ಕೆ 2015ರಲ್ಲಿ ಸೇರಿದೆ. ಏಜೆಂಟ್ ಹೇಳಿದ ಕಡೆ ಸಹಿ ಹಾಕುವ ಮೊದಲು ಹಡಗಿನ ಹೆಸರು, ಅದರ ಧ್ವಜ ಯಾವ ದೇಶದ್ದು, ಅದನ್ನು ಪರೀಕ್ಷಿಸುವ ಸಂಸ್ಥೆ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಹಡಗು ಹತ್ತುವ ದಿನ ಜೆಟ್ಟಿಯಲ್ಲಿ ಒಂದು ನಿಮಿಷ ನಿಂತು ಬದಿಯ ಆ ವೃತ್ತ ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಿ. ಮನೆಯವರಿಗೂ ಇದನ್ನು ಹೇಳಿಕೊಡಿ. ಆ ಗೆರೆ ಅಲ್ಲಿಗೆ ಬರಲು ಎಷ್ಟೋ ನಾವಿಕರ ಜೀವ ಹೋಗಿದೆ, ಒಬ್ಬ ವ್ಯಾಪಾರಿಯ ಇಡೀ ಆಯುಷ್ಯ ಸವೆದಿದೆ.